ಟ್ರೇಡ್‌ಮಾರ್ಕ್ ಅಟಾರ್ನಿ ಆಗೋಕೆ ಪಿಜಿ ಡಿಪ್ಲೊಮಾ ಒಂದೇ ಸಾಕಾ? ಐಟಿಯವರಿಗೆ ಪೂರ್ತಿ ವಿವರಣೆ

ಹೋದ ಸಲದ ವಿಡಿಯೋದಲ್ಲಿ ಆಪ್ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸೋದು ಹೇಗೆ ಅಂತ ಮಾತಾಡಿದ್ದೆ. ಅದರ ಕೆಳಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಥರದವು: "ಸರ್, ಐಟಿಯಲ್ಲಿ ಹತ್ತು ವರ್ಷ ಆಯ್ತು. ಲೇಆಫ್ ಭಯ ಇದೆ. ಒಂದು ಪಿಜಿ ಡಿಪ್ಲೊಮಾ ಮಾಡ್ಕೊಂಡು ಟ್ರೇಡ್‌ಮಾರ್ಕ್ ಅಟಾರ್ನಿ ಆಗಬಹುದಾ?" ಪುಣೆಯಿಂದ ಕೇಳಿದ್ದೀರಿ, ಹೈದರಾಬಾದಿನಿಂದ ಕೇಳಿದ್ದೀರಿ, ಲಂಡನ್ನಿಂದ ಇಬ್ಬರು ಕೇಳಿದ್ದೀರಿ. ಎಲ್ಲರಿಗೂ ಸೇರಿಸಿ ಈ ವಾರದ ಮಾತು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಅದರ ಬರಹರೂಪ ಇಲ್ಲಿದೆ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಹೊಸಬರಿಗೆ ನನ್ನ ಪರಿಚಯ. ನಾನು ಸಾಫ್ಟ್‌ವೇರ್ ಎಂಜಿನಿಯರ್, ಓದಿದ್ದು ಎಂಟೆಕ್. ಹೆಂಡತಿಯ ಕೆಲಸದ ಕಾರಣಕ್ಕೆ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಮನೆ ಮಾಡಿ, ಇಲ್ಲಿಂದಲೇ ಕೆಲಸ ಮಾಡ್ತೀನಿ. ಕೆಲಸದ ಜೊತೆಗೆ ದೂರಶಿಕ್ಷಣದಲ್ಲಿ ಬೌದ್ಧಿಕ ಆಸ್ತಿ ಹಕ್ಕುಗಳ ಒಂದು ಪಿಜಿ ಡಿಪ್ಲೊಮಾ ಮುಗಿಸಿದ್ದೇನೆ. ಈಗ ಏಜೆಂಟ್ ಪರೀಕ್ಷೆಗೆ ಓದ್ತಾ ಇದ್ದೇನೆ. ನಾನು ವಕೀಲ ಅಲ್ಲ. ಹಾಗಾಗಿ ಇದನ್ನ ಕಾನೂನು ಸಲಹೆ ಅಂತ ತಗೋಬೇಡಿ, ದಾರಿ ಹುಡುಕುತ್ತಿರೋ ಒಬ್ಬ ಎಂಜಿನಿಯರ್ ಇನ್ನೊಬ್ಬರಿಗೆ ಹೇಳೋ ಮಾಹಿತಿ ಅಂತ ತಗೊಳ್ಳಿ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಡಿಪ್ಲೊಮಾ ನಿಮಗೆ ವಿಷಯ ಕಲಿಸುತ್ತೆ. ಇನ್ನೊಬ್ಬರ ಪರವಾಗಿ ಸಹಿ ಹಾಕುವ ಅಧಿಕಾರ ಕೊಡಲ್ಲ. ಆ ಅಧಿಕಾರ ಬೇರೆ ಬಾಗಿಲಿನಿಂದ ಬರುತ್ತೆ. ಯಾವ ಬಾಗಿಲು ಅಂತ ಗೊತ್ತಿಲ್ಲದೆ ಫೀಸು ಕಟ್ಟಬೇಡಿ.

ಮೊದಲು ಹೆಸರಿನ ಗೊಂದಲ

ಭಾರತದ ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರಲ್ಲಿ. ಅದರಲ್ಲಿ 'ಟ್ರೇಡ್‌ಮಾರ್ಕ್ ಅಟಾರ್ನಿ' ಅನ್ನೋ ಪ್ರತ್ಯೇಕ ಪದವಿ ಇಲ್ಲ. 145ನೇ ಸೆಕ್ಷನ್ ಓದಿ ನೋಡಿ. ರಿಜಿಸ್ಟ್ರಾರ್ ಮುಂದೆ ಅರ್ಜಿದಾರನ ಪರವಾಗಿ ಕೆಲಸ ಮಾಡಬಹುದಾದವರು ಮೂರೇ ಜನ. ಒಬ್ಬ ವಕೀಲ. ಎರಡನೆಯವರು ರಿಜಿಸ್ಟರ್ ಆದ ಟ್ರೇಡ್‌ಮಾರ್ಕ್ ಏಜೆಂಟ್. ಮೂರನೆಯವರು ಆ ಅರ್ಜಿದಾರನ ಹತ್ತಿರವೇ ಕಾಯಂ ಕೆಲಸದಲ್ಲಿರುವ, ಬೇರೆ ಯಾರಿಗೂ ಕೆಲಸ ಮಾಡದ ನೌಕರ.

ಈ ಮೂರನೆಯದನ್ನ ಐಟಿಯವರು ಗಮನಿಸಲೇಬೇಕು. ನೀವು ಒಂದು ಪ್ರಾಡಕ್ಟ್ ಕಂಪನಿಯಲ್ಲಿ ಇದ್ದೀರಿ ಅಂದ್ಕೊಳ್ಳಿ. ಕಂಪನಿ ನಿಮಗೆ ಅಧಿಕಾರಪತ್ರ ಕೊಟ್ಟರೆ ಆ ಕಂಪನಿಯ ಟ್ರೇಡ್‌ಮಾರ್ಕ್ ಕೆಲಸವನ್ನ ರಿಜಿಸ್ಟ್ರಿ ಮುಂದೆ ನೀವೇ ನಡೆಸಬಹುದು. ಪರೀಕ್ಷೆ ಬೇಡ, ಎಲ್‌ಎಲ್‌ಬಿ ಬೇಡ. ಈ ಕ್ಷೇತ್ರ ನಿಮಗೆ ಹಿಡಿಸುತ್ತಾ ಇಲ್ವಾ ಅಂತ ಕೆಲಸ ಬಿಡದೆ ನೋಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಏಜೆಂಟ್ ಆಗೋ ಬಾಗಿಲು

2017ರ ಟ್ರೇಡ್ ಮಾರ್ಕ್ಸ್ ನಿಯಮಗಳ ಪ್ರಕಾರ ಏಜೆಂಟ್ ಆಗೋಕೆ ಭಾರತದ ಪ್ರಜೆ ಆಗಿರಬೇಕು, 21 ವರ್ಷ ತುಂಬಿರಬೇಕು, ಪದವಿ ಇರಬೇಕು. ಯಾವ ವಿಷಯದ ಪದವಿ ಆದ್ರೂ ಸರಿ. ಇದರ ಮೇಲೆ ಏಜೆಂಟ್ ಪರೀಕ್ಷೆ ಪಾಸಾಗಿರಬೇಕು, ಇಲ್ಲಾ ವಕೀಲರಾಗಿರಬೇಕು, ಇಲ್ಲಾ ಕಂಪನಿ ಸೆಕ್ರೆಟರಿ ಸಂಸ್ಥೆಯ ಸದಸ್ಯರಾಗಿರಬೇಕು. ಪರೀಕ್ಷೆಯಲ್ಲಿ ಲಿಖಿತ ಭಾಗ ಇದೆ, ಸಂದರ್ಶನ ಇದೆ. ಆಮೇಲೆ ಟಿಎಂ-ಜಿ ಅನ್ನೋ ಫಾರ್ಮಿನಲ್ಲಿ ಅರ್ಜಿ ಹಾಕಬೇಕು.

ಗಮನಿಸಿ, ಈ ಪಟ್ಟಿಯಲ್ಲಿ ಪಿಜಿ ಡಿಪ್ಲೊಮಾ ಎಲ್ಲೂ ಇಲ್ಲ. ಡಿಪ್ಲೊಮಾ ಇದ್ದವರಿಗೆ ಪರೀಕ್ಷೆಯಿಂದ ವಿನಾಯಿತಿಯೂ ಇಲ್ಲ. "ಈ ಕೋರ್ಸ್ ಮುಗಿಸಿದ ತಕ್ಷಣ ನೀವು ಅಟಾರ್ನಿ" ಅಂತ ಯಾರಾದ್ರೂ ಜಾಹೀರಾತು ಕೊಟ್ಟಿದ್ರೆ ಅಲ್ಲೇ ಪುಟ ಮುಚ್ಚಿ.

ಇನ್ನೊಂದು ಮಾತು. ಈ ಪರೀಕ್ಷೆ ಗೇಟ್ ಥರ ವರ್ಷ ವರ್ಷ ತಪ್ಪದೇ ಬರೋದಲ್ಲ. ಮಧ್ಯೆ ಹಲವು ವರ್ಷ ನಡೆಯದೇ 2023ರಲ್ಲಿ ನಡೀತು. ಆದ್ದರಿಂದ "ಮುಂದಿನ ವರ್ಷ ಪರೀಕ್ಷೆ, ಈಗಲೇ ರಾಜೀನಾಮೆ" ಅನ್ನೋ ಲೆಕ್ಕ ಹಾಕಬೇಡಿ. ಓದು ಮುಂಚೆ ಮುಗಿಸಿಟ್ಟುಕೊಂಡು, ಪ್ರಕಟಣೆ ಬಂದಾಗ ಬರೆಯೋದು ಇಲ್ಲಿ ಜಾಣತನ.

ಪೇಟೆಂಟ್ ಏಜೆಂಟ್ ಬೇರೆ ವಿಷಯ, ಇದರ ಜೊತೆ ಬೆರೆಸಬೇಡಿ. ಅದಕ್ಕೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು, ಪರೀಕ್ಷೆಯೂ ಬೇರೆ. ಬಿಇ, ಎಂಟೆಕ್ ಆದವರಿಗೆ ಎರಡೂ ಬಾಗಿಲು ತೆರೆದಿವೆ ಅನ್ನೋದು ನಮ್ಮ ಅದೃಷ್ಟ.

ವಕೀಲರಾಗೋ ಬಾಗಿಲು

ಏಜೆಂಟಿನ ಅಧಿಕಾರ ರಿಜಿಸ್ಟ್ರಿಯ ಹೊಸ್ತಿಲಿನ ತನಕ ಅಷ್ಟೇ. ಅರ್ಜಿ ಹಾಕಬಹುದು, ಎಕ್ಸಾಮಿನೇಷನ್ ರಿಪೋರ್ಟಿಗೆ ಉತ್ತರ ಬರೀಬಹುದು, ಆಕ್ಷೇಪಣೆಯ ವಿಚಾರಣೆಯಲ್ಲಿ ವಾದ ಮಾಡಬಹುದು. ಯಾರೋ ನಿಮ್ಮ ಕಕ್ಷಿದಾರರ ಹೆಸರು ಕದ್ದು ಮಾಲು ಮಾರ್ತಿದ್ದಾರೆ, ಕೋರ್ಟಿನಿಂದ ತಡೆಯಾಜ್ಞೆ ತರಬೇಕು ಅಂದ್ರೆ ವಕೀಲರೇ ಬೇಕು.

ಪದವಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ತರಗತಿಗೆ ಹೋಗಿ ಓದಬೇಕು. ದೂರಶಿಕ್ಷಣದ ಎಲ್‌ಎಲ್‌ಬಿಯನ್ನ ವಕೀಲರ ಪರಿಷತ್ತು ಒಪ್ಪಲ್ಲ. ಬಾರಾಮತಿಯಂಥ ತಾಲ್ಲೂಕು ಊರಿನಲ್ಲೂ ವಿದ್ಯಾ ಪ್ರತಿಷ್ಠಾನದ ಲಾ ಕಾಲೇಜು ಇದೆ, ಆದ್ದರಿಂದ ಕಾಲೇಜು ಸಿಗೋದು ಕಷ್ಟ ಅಲ್ಲ, ಸಮಯ ಹೊಂದಿಸೋದೇ ಕಷ್ಟ. ಎಂಜಿನಿಯರ್‌ಗಳಿಗೆ ಹೇಳಿ ಮಾಡಿಸಿದ್ದು ಬೇಕು ಅಂದ್ರೆ ಐಐಟಿ ಖರಗ್‌ಪುರದಲ್ಲಿ 2006ರಲ್ಲಿ ಶುರುವಾದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ಕಾನೂನು ಶಾಲೆ ಇದೆ. ಅಲ್ಲೂ ಮೂರು ವರ್ಷ, ಪೂರ್ಣಾವಧಿ.

ಜೊತೆಗೆ ಒಂದು ಎಚ್ಚರಿಕೆ: ವಕೀಲಿ ಸನ್ನದು ಇಟ್ಟುಕೊಂಡು ಪೂರ್ಣಾವಧಿ ಸಂಬಳದ ಕೆಲಸ ಮಾಡೋಕೆ ಪರಿಷತ್ತಿನ ನಿಯಮ ಬಿಡಲ್ಲ. ಅಂದ್ರೆ "ಹಗಲು ಕೋಡಿಂಗ್, ಸಂಜೆ ವಕೀಲಿ" ಸಾಧ್ಯ ಇಲ್ಲ. ಒಂದನ್ನ ಬಿಡಲೇಬೇಕು. ಮನೆ ಸಾಲ ಇರೋರು ಇದನ್ನ ಮೊದಲು ಮನೇಲಿ ಕೂತು ಮಾತಾಡಿ.

ಹಾಗಾದ್ರೆ ಡಿಪ್ಲೊಮಾ ದಂಡನಾ?

ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಬೌದ್ಧಿಕ ಆಸ್ತಿ ಹಕ್ಕುಗಳ ಪಿಜಿ ಡಿಪ್ಲೊಮಾವನ್ನ ದೂರಶಿಕ್ಷಣದಲ್ಲಿ ನಡೆಸುತ್ತೆ. ಇಗ್ನೊದಲ್ಲೂ ಇದೆ. ಕೆಲಸದ ಜೊತೆ ಓದಬಹುದು. ಅದಕ್ಕೂ ಮೊದಲು ರುಚಿ ನೋಡಬೇಕು ಅಂದ್ರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅದೇ ವೈಪೋ, ಅದರ ಅಕಾಡೆಮಿಯ ಡಿಎಲ್-101 ಕೋರ್ಸ್ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ. ನನ್ನ ಸಲಹೆ: ಮೊದಲು ಉಚಿತದ್ದನ್ನ ಮುಗಿಸಿ. ಅದು ಬೋರ್ ಹೊಡೆದ್ರೆ ನಿಮ್ಮ ದುಡ್ಡು ಉಳೀತು.

ಡಿಪ್ಲೊಮಾದಿಂದ ಸಿಗೋದು ಎರಡು: ಕಾಯ್ದೆಯ ಚೌಕಟ್ಟು, ತೀರ್ಪು ಓದೋ ಅಭ್ಯಾಸ. ಸಿಗದೇ ಇರೋದು ಕಡತ ಹಿಡಿದು ಕೆಲಸ ಮಾಡೋ ಅಭ್ಯಾಸ. ಕಕ್ಷಿದಾರರು ದುಡ್ಡು ಕೊಡೋದು ಆ ಎರಡನೆಯದಕ್ಕೆ. ಯಾಕೆ ಅಂತ ಎರಡು ಉದಾಹರಣೆಯಿಂದ ಹೇಳ್ತೀನಿ.

ನಂದಿನಿ ವಿರುದ್ಧ ನಂದಿನಿ

ಕನ್ನಡದವರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಅನ್ನೋ ಹೆಸರಿನಲ್ಲಿ ಹಾಲು ಮಾರ್ತಾ ಬಂದಿದೆ. 1989ರಿಂದ ಬೆಂಗಳೂರಿನಲ್ಲಿ 'ನಂದಿನಿ ಡೀಲಕ್ಸ್' ಹೋಟೆಲುಗಳಿವೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಅವರದ್ದಕ್ಕೆ ಒಂದು 'ಎಚ್' ಜಾಸ್ತಿ, ಅಷ್ಟೇ. ಹೋಟೆಲಿನವರು ಆಹಾರ ಪದಾರ್ಥಗಳಿಗೆ ಟ್ರೇಡ್‌ಮಾರ್ಕ್ ಕೇಳಿದರು, ಮಹಾಮಂಡಳ ಆಕ್ಷೇಪಿಸಿತು.

2007ರಲ್ಲಿ ರಿಜಿಸ್ಟ್ರಿಯಲ್ಲಿ ಹೋಟೆಲಿನವರು ಗೆದ್ದರು. 2011ರಲ್ಲಿ ಮೇಲ್ಮನವಿ ಮಂಡಳಿಯಲ್ಲಿ ಸೋತರು. 2014ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಸೋತರು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ರಿಜಿಸ್ಟ್ರಿಯ ಆದೇಶದಿಂದ ಎಣಿಸಿದರೂ ಹನ್ನೊಂದು ವರ್ಷ!

ಸುಪ್ರೀಂ ಕೋರ್ಟ್ ಹೇಳಿದ ಕಾರಣಗಳನ್ನ ಒಂದೊಂದಾಗಿ ನೋಡಿ. ಒಂದು, ಎರಡು ಚಿಹ್ನೆಗಳನ್ನ ಪೂರ್ತಿಯಾಗಿ ನೋಡಬೇಕು. ಮಹಾಮಂಡಳದ್ದರಲ್ಲಿ ಹಸು ಇದೆ. ಹೋಟೆಲಿನದ್ದರಲ್ಲಿ ದೀಪ ಇದೆ, 'ಡೀಲಕ್ಸ್' ಅನ್ನೋ ಪದ ಇದೆ. ಎರಡು, ಒಂದೇ ಕ್ಲಾಸಿನಲ್ಲಿ ಬಂದ ಮಾತ್ರಕ್ಕೆ ಮಾಲು ಒಂದೇ ಆಗಲ್ಲ. ಹಾಲೂ ಮಾಂಸವೂ ಇಪ್ಪತ್ತೊಂಬತ್ತನೇ ಕ್ಲಾಸಿನಲ್ಲೇ ಬರುತ್ತವೆ, ಆದರೆ ಕೊಳ್ಳೋರು ಬೇರೆ, ವ್ಯಾಪಾರ ಬೇರೆ. ಮೂರು, 'ನಂದಿನಿ' ಅನ್ನೋದು ಪುರಾಣದ ಹಸುವಿನ ಹೆಸರು, ದೇವತೆಯ ಹೆಸರು. ಯಾರೋ ಕಟ್ಟಿದ ಹೊಸ ಪದ ಅಲ್ಲ. ನಾಲ್ಕು, ಹೋಟೆಲ್ ಶುರುವಾದಾಗ ಮಹಾಮಂಡಳದ ಹೆಸರಿಗೆ ನಾಲ್ಕೇ ವರ್ಷ. ಜೊತೆಗೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಟೆಲಿನವರು ಹಕ್ಕು ಕೇಳೋದನ್ನ ಬಿಟ್ಟುಕೊಟ್ಟರು.

ಇದರ ಪಕ್ಕದಲ್ಲಿ 1962ರ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪು ಇಡಿ. 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ', ಎರಡೂ ಒಂದೇ ಬಗೆಯ ಮನೆಮದ್ದು. ಅಕ್ಷರ ಎಣಿಸಿದರೆ ಎಷ್ಟೊಂದು ವ್ಯತ್ಯಾಸ. ಆದ್ರೂ ಕೋರ್ಟು ಹೇಳಿದ್ದು ಇವೆರಡೂ ಗೊಂದಲ ಮಾಡುವಷ್ಟು ಹೋಲುತ್ತವೆ ಅಂತ. ಯಾಕಂದ್ರೆ ಕೊಳ್ಳೋ ಮನುಷ್ಯ ಎರಡು ಸೀಸೆ ಪಕ್ಕಪಕ್ಕ ಇಟ್ಟು ನೋಡಲ್ಲ. ಅರೆಬರೆ ನೆನಪಿನಲ್ಲಿ ಅಂಗಡಿಗೆ ಬರ್ತಾನೆ.

ಈಗ ನಮ್ಮ ಎಂಜಿನಿಯರ್ ತಲೆಗೆ ಬರೋಣ. ಎರಡು ಹೆಸರು ಎಷ್ಟು ಹೋಲುತ್ತವೆ ಅಂತ ನೋಡೋಕೆ ನಾವು ಏನು ಮಾಡ್ತೀವಿ? ಎಡಿಟ್ ಡಿಸ್ಟೆನ್ಸ್ ಲೆಕ್ಕ ಹಾಕ್ತೀವಿ. ಆ ಲೆಕ್ಕದಲ್ಲಿ ನಂದಿನಿಗಳ ನಡುವೆ ಒಂದೇ ಅಕ್ಷರದ ದೂರ, ಆದ್ರೂ ಇಬ್ಬರಿಗೂ ಜಾಗ ಸಿಕ್ತು. ಧಾರಾಗಳ ನಡುವೆ ದೂರ ಜಾಸ್ತಿ, ಆದ್ರೂ ಅವು ಒಂದೇ ಥರ ಅಂತ ಆಯ್ತು. ಅಂದ್ರೆ ಅಕ್ಷರ ಎಣಿಸೋ ಫಂಕ್ಷನ್ ಬರೆದು ಈ ಕೆಲಸ ಮುಗಿಸೋಕೆ ಆಗಲ್ಲ. ಮಾಲು ಯಾವುದು, ಯಾವ ಅಂಗಡಿಯಲ್ಲಿ ಸಿಗುತ್ತೆ, ಯಾರು ಕೊಳ್ತಾರೆ, ಯಾರು ಮೊದಲು ಬಳಸಿದರು, ಇವೆಲ್ಲ ತೂಗಿ ನೋಡೋ ಬುದ್ಧಿ ಬೇಕು. ತರಬೇತಿ ಅಂದ್ರೆ ಆ ಬುದ್ಧಿ ಬೆಳೆಸೋದು.

ಒಂದು ತಿಂಗಳ ಬೆಲೆ

ಎರಡನೇ ಉದಾಹರಣೆ ನನಗೆ ಪರಿಚಯದವರದ್ದು. ವಿಜಯಪುರ ಕಡೆಯ ಒಬ್ಬ ಅಕ್ಕ ಪುಣೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರ್ತಾರೆ. ಐಟಿ ಪಾರ್ಕುಗಳ ಸುತ್ತ ಇರೋ ಕನ್ನಡದವರೇ ಅವರ ಗಿರಾಕಿಗಳು. ಅವರು ತಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಸಿದ್ದು ಒಬ್ಬ ಕನ್ಸಲ್ಟೆಂಟ್ ಹತ್ತಿರ. ಆತನ ಗೋಡೆ ಮೇಲೆ ಸರ್ಟಿಫಿಕೇಟುಗಳಿಗೇನೂ ಕೊರತೆ ಇರಲಿಲ್ಲ.

ಎಕ್ಸಾಮಿನೇಷನ್ ರಿಪೋರ್ಟ್ ಬಂತು. ನಿಯಮದ ಪ್ರಕಾರ ಅದು ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಇಮೇಲ್ ಹೋಗಿದ್ದು ಆತನಿಗೆ, ಉತ್ತರ ಹೋಗಲೇ ಇಲ್ಲ. ಅರ್ಜಿ ಕೈಬಿಟ್ಟದ್ದು ಅಂತ ದಾಖಲಾಯ್ತು. ಅಕ್ಕನಿಗೆ ತಿಳಿದದ್ದು ತಿಂಗಳುಗಳ ನಂತರ. ಮತ್ತೆ ಅರ್ಜಿ ಹಾಕಿದರೆ ಹೊಸ ತಾರೀಖು, ಹೊಸ ಫೀಸು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಫೀಸಿನದ್ದು ದೊಡ್ಡ ಮಾತಲ್ಲ. ಆ ನಡುವೆ ಇನ್ನೊಬ್ಬರು ಅದೇ ಥರದ ಹೆಸರಿಗೆ ಅದೇ ಕ್ಲಾಸಿನಲ್ಲಿ ಅರ್ಜಿ ಹಾಕಿಬಿಟ್ಟಿದ್ದರು!

ಅಕ್ಕ ಮೊದಲಿನಿಂದ ಬಳಸ್ತಾ ಬಂದಿರೋದರಿಂದ ಕಾಯ್ದೆಯಲ್ಲಿ ಅವರಿಗೆ ರಕ್ಷಣೆ ಇದೆ. ಆದರೆ ಅದನ್ನ ಸಾಬೀತು ಮಾಡಬೇಕು. ಈಗ ಅವರು ಹಳೇ ಬಿಲ್ಲು, ಪ್ಯಾಕೆಟ್ ಅಚ್ಚು ಹಾಕಿಸಿದ ರಸೀದಿ, ವಾಟ್ಸಾಪ್ ಆರ್ಡರುಗಳನ್ನ ಹುಡುಕ್ತಾ ಕೂತಿದ್ದಾರೆ. ಹತ್ತು ಹೆಂಗಸರು ದುಡಿಯೋ ಜಾಗ ಅದು. ಪ್ಯಾಕೆಟ್ ಮೇಲಿನ ಹೆಸರು ಹೋದರೆ ಗಿರಾಕಿ ಹೋಗ್ತಾನೆ.

ಆದ್ದರಿಂದ ತಾರೀಖುಗಳನ್ನ ಬಾಯಿಪಾಠ ಮಾಡಿ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳು. ಆಕ್ಷೇಪಣೆಯ ಪ್ರತಿ ಕೈಸೇರಿದ ಮೇಲೆ ಪ್ರತಿಹೇಳಿಕೆಗೆ ಎರಡು ತಿಂಗಳು. ಅದು ತಪ್ಪಿದರೆ ಅರ್ಜಿ ಕೈಬಿಟ್ಟ ಹಾಗೆಯೇ. ಆಮೇಲೆ ಆಕ್ಷೇಪಿಸಿದವರ ಸಾಕ್ಷ್ಯಕ್ಕೆ ಎರಡು ತಿಂಗಳು, ಅರ್ಜಿದಾರರ ಸಾಕ್ಷ್ಯಕ್ಕೆ ಎರಡು ತಿಂಗಳು, ಮರುಸಾಕ್ಷ್ಯಕ್ಕೆ ಒಂದು ತಿಂಗಳು. ರಿಜಿಸ್ಟ್ರೇಷನ್ ಆದ ಮೇಲೆ ಹತ್ತು ವರ್ಷಕ್ಕೊಮ್ಮೆ ನವೀಕರಣ. ಪ್ರೊಡಕ್ಷನ್ ರಿಲೀಸ್ ತಾರೀಖು ಕಾಯ್ದವರಿಗೆ ಇದು ಹೊಸದಲ್ಲ. ಈ ಶಿಸ್ತು ನಮ್ಮ ಕಸುಬಿನಿಂದ ನಾವು ತರೋ ಬಂಡವಾಳ.

ಕೂತಲ್ಲೇ ತರಬೇತಿ

ಯಾವ ಕೋರ್ಸಿನಲ್ಲೂ ಹೇಳಿಕೊಡದ, ಆದರೆ ಎಲ್ಲರ ಕೈಗೆ ಸಿಗೋ ಒಂದು ವಿಷಯ ಹೇಳ್ತೀನಿ. ಟ್ರೇಡ್‌ಮಾರ್ಕ್ ಕಡತಗಳು ಬಹುಮಟ್ಟಿಗೆ ಸಾರ್ವಜನಿಕ. ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಅರ್ಜಿ, ಎಕ್ಸಾಮಿನೇಷನ್ ರಿಪೋರ್ಟ್, ಅದಕ್ಕೆ ಕೊಟ್ಟ ಉತ್ತರ ಎಲ್ಲ ಓದಬಹುದು. ದುಡ್ಡಿಲ್ಲದೆ ಸಿಗೋ ಇಂಥ ಡೇಟಾಸೆಟ್ ಎಲ್ಲಿದೆ ಹೇಳಿ?

ನಾನು ಮಾಡೋ ಕ್ರಮ ಇದು. ಪ್ರತಿ ಸೋಮವಾರ ಹೊಸ ಜರ್ನಲ್ ಬರುತ್ತೆ. ಅದರಿಂದ ಐದು ಹೆಸರು ಆರಿಸ್ತೀನಿ. ರಿಜಿಸ್ಟ್ರಿಯ ಸರ್ಚಿನಲ್ಲಿ ಪದ ಹಾಕಿ ಒಮ್ಮೆ, ಉಚ್ಚಾರಣೆ ಪ್ರಕಾರ ಇನ್ನೊಮ್ಮೆ ಹುಡುಕ್ತೀನಿ. ಒಂಬತ್ತನೇ ಸೆಕ್ಷನ್ ಪ್ರಕಾರ ಹೆಸರಿನಲ್ಲೇ ದೋಷ ಇದೆಯಾ, ಹನ್ನೊಂದನೇ ಸೆಕ್ಷನ್ ಪ್ರಕಾರ ಇನ್ನೊಬ್ಬರ ಹೆಸರಿಗೆ ತಾಗುತ್ತಾ ಅಂತ ಅರ್ಧ ಪುಟ ಬರೀತೀನಿ. ಆಮೇಲೆ ಕಡತ ತೆಗೆದು, ಪರೀಕ್ಷಕರು ನಿಜವಾಗಿ ಏನು ಬರೆದಿದ್ದಾರೆ ಅಂತ ಹೋಲಿಸಿ ನೋಡ್ತೀನಿ. ಐಟಿಯವರು ಒಂಬತ್ತನೇ ಕ್ಲಾಸಿನಿಂದ ಶುರು ಮಾಡಿ, ಡೌನ್‌ಲೋಡ್ ಮಾಡೋ ಸಾಫ್ಟ್‌ವೇರ್ ಅಲ್ಲಿ ಬರುತ್ತೆ. ಕ್ಲೌಡ್‌ನಲ್ಲಿ ಸೇವೆಯಾಗಿ ಕೊಡೋದು ನಲವತ್ತೆರಡರಲ್ಲಿ. ಒಟ್ಟು 45 ಕ್ಲಾಸುಗಳಿವೆ. ನಮ್ಮ ಕ್ಷೇತ್ರದವು ಚೆನ್ನಾಗಿ ಗೊತ್ತಿದ್ರೆ ಅಲ್ಲೇ ನಿಮಗೆ ಬೆಲೆ.

ಸುತ್ತಮುತ್ತ ಕಣ್ಣು ಬಿಟ್ಟರೂ ಪಾಠ ಸಿಗುತ್ತೆ. ನಮ್ಮ ಬಾರಾಮತಿ ಎಂಐಡಿಸಿಯಲ್ಲಿ ಪಿಯಾಜಿಯೊ ಕಾರ್ಖಾನೆ ಇದೆ, ವೆಸ್ಪಾ ಸ್ಕೂಟರ್ ಇಲ್ಲೇ ತಯಾರಾಗುತ್ತೆ. ವೆಸ್ಪಾದ ಹೆಸರಷ್ಟೇ ಅಲ್ಲ, ಅದರ ಆಕಾರವೂ ಟ್ರೇಡ್‌ಮಾರ್ಕ್ ಅಂತ ಪಿಯಾಜಿಯೊ ಯುರೋಪಿನಲ್ಲಿ ಹೋರಾಡಿ, 2023ರ ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟಿನಲ್ಲಿ ತನ್ನ ಪರ ತೀರ್ಪು ಪಡೀತು. ಅದೇ ಎಂಐಡಿಸಿಯಲ್ಲಿ ಫೆರೆರೊ ಕಾರ್ಖಾನೆಯೂ ಇದೆ. ಅದೇ ಕಂಪನಿಯ 'ನುಟೆಲ್ಲಾ' ಸುಪ್ರಸಿದ್ಧ ಟ್ರೇಡ್‌ಮಾರ್ಕ್ ಅಂತ 2025ರಲ್ಲಿ ದೆಹಲಿ ಹೈಕೋರ್ಟ್ ಘೋಷಿಸಿತು, ನಕಲಿ ಬಾಟಲಿಗಳ ಮೇಲಿನ ಮೊಕದ್ದಮೆಯಲ್ಲಿ. ಕಬ್ಬಿನ ಗದ್ದೆ ಪಕ್ಕದ ಊರಿಗೂ ಈ ಕಾನೂನಿಗೂ ಇಷ್ಟು ಹತ್ತಿರದ ನಂಟು.

ನಮ್ಮ ಭಾಷೆಯೂ ಇಲ್ಲಿ ಬಂಡವಾಳ. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಪದ ಚಿಹ್ನೆಯಲ್ಲಿ ಇದ್ದರೆ ಅದರ ಉಚ್ಚಾರ, ಅರ್ಥ ಎರಡನ್ನೂ ಅರ್ಜಿಯಲ್ಲಿ ಕೊಡಬೇಕು. 'ಖಡಕ್' ಅನ್ನೋ ಪದ ತಗೊಳ್ಳಿ. ಉತ್ತರ ಕರ್ನಾಟಕದವರಿಗೆ ಅದು ರೊಟ್ಟಿಯ ಗುಣ, ಮರಾಠಿಯವರಿಗೆ ಗಟ್ಟಿಯಾದದ್ದು, ಬಿರುಸಾದದ್ದು. ರೊಟ್ಟಿಗೆ 'ಖಡಕ್' ಒಂದನ್ನೇ ಯಾರೂ ತಮ್ಮದು ಅಂತ ಕಟ್ಟಿಹಾಕೋಕೆ ಆಗಬಾರದು, ಅದು ಮಾಲಿನ ವರ್ಣನೆ. ಮಹಾರಾಷ್ಟ್ರದ ಅರ್ಜಿಗಳು ಮುಂಬೈ ಕಚೇರಿಗೆ, ಕರ್ನಾಟಕದವು ಚೆನ್ನೈ ಕಚೇರಿಗೆ ಹೋಗುತ್ತವೆ. ಎರಡೂ ಕಡೆ ಕನ್ನಡ ಪದದ ಮರ್ಮ ತಿಳಿಸಿ ಹೇಳೋರು ಬೇಕು.

ಕೊನೆಯದಾಗಿ, ವಾರಕ್ಕೆ ಅರ್ಧ ದಿನ ಆದ್ರೂ ಅನುಭವಸ್ಥ ವಕೀಲರ ಅಥವಾ ಏಜೆಂಟರ ಹತ್ತಿರ ಕೂತು ಕಡತ ನೋಡಿ. ಅದಕ್ಕೆ ಬದಲಿ ಇಲ್ಲ.

ಹೊರದೇಶದಲ್ಲಿ ಇರೋರಿಗೆ

ಬ್ರಿಟನ್ನಿನಲ್ಲಿ ಇದು ಪ್ರತ್ಯೇಕ ವೃತ್ತಿ. ರಿಜಿಸ್ಟರಿನಲ್ಲಿ ಇಲ್ಲದವರು 'ರಿಜಿಸ್ಟರ್ಡ್ ಟ್ರೇಡ್ ಮಾರ್ಕ್ ಅಟಾರ್ನಿ' ಅಂತ ಹೇಳಿಕೊಂಡರೆ ಅಪರಾಧ. ಅಲ್ಲಿ ಸ್ನಾತಕೋತ್ತರ ತರಬೇತಿಯೇ ಬಾಗಿಲು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಂಥ ಕಡೆ ಕಾನೂನಿನ ಕೋರ್ಸ್, ಆಮೇಲೆ ನಾಟಿಂಗ್‌ಹ್ಯಾಮ್ ಟ್ರೆಂಟ್‌ನಲ್ಲಿ ವೃತ್ತಿ ಅಭ್ಯಾಸದ ಕೋರ್ಸ್. ಜೊತೆಗೆ ಅನುಭವಸ್ಥರ ಕೈಕೆಳಗೆ ಎರಡು ವರ್ಷದ ಕೆಲಸ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಸೇರಿ ಒಂದೇ ಮಂಡಳಿ ಇದೆ, ಅದು ಒಪ್ಪಿದ ಕೋರ್ಸುಗಳು ಮೆಲ್ಬರ್ನ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತವೆ. ಅಮೆರಿಕದಲ್ಲಿ ಏಜೆಂಟ್ ಬಾಗಿಲು ಇಲ್ಲ, ಟ್ರೇಡ್‌ಮಾರ್ಕ್ ಕೆಲಸಕ್ಕೆ ಅಲ್ಲಿಯ ಸನ್ನದು ಇರೋ ವಕೀಲರೇ ಬೇಕು. ಭಾರತದ ಡಿಪ್ಲೊಮಾ ಹಿಡಿದು ಅಲ್ಲಿಗೆ ಹೋದರೆ ನಡೆಯಲ್ಲ.

ಒಟ್ಟಿನಲ್ಲಿ

ಕೆಲಸದಲ್ಲಿ ಇರೋರು ಕೆಲಸ ಬಿಡದೆ ಹೀಗೆ ಹೋಗಿ: ಮೊದಲು ಉಚಿತ ಕೋರ್ಸ್. ಜೊತೆಗೆ ಕಾಯ್ದೆಯನ್ನ ಪುಸ್ತಕ ಇಟ್ಟುಕೊಂಡು ಸಾಲು ಸಾಲು ಓದು, ಸೋಮವಾರದ ಜರ್ನಲ್ ಅಭ್ಯಾಸ. ಆರು ತಿಂಗಳ ನಂತರವೂ ಆಸಕ್ತಿ ಉಳಿದಿದ್ದರೆ ಡಿಪ್ಲೊಮಾ. ಪ್ರಕಟಣೆ ಬಂದಾಗ ಏಜೆಂಟ್ ಪರೀಕ್ಷೆ. ಕೋರ್ಟಿಗೇ ಇಳಿಯಬೇಕು ಅನಿಸಿದರೆ ಮಾತ್ರ ಮೂರು ವರ್ಷ ತೆಗೆದಿಟ್ಟು ಎಲ್‌ಎಲ್‌ಬಿ.

ಕೋರ್ಸ್ ಮಾರೋರು ಬಂದರೆ ಎರಡೇ ಪ್ರಶ್ನೆ ಕೇಳಿ. "ಇದು ಮುಗಿದ ಮೇಲೆ 145ನೇ ಸೆಕ್ಷನ್ ಪ್ರಕಾರ ನಾನು ಯಾರು? ಇದರಲ್ಲಿ ಎಷ್ಟು ನಿಜವಾದ ಕಡತ ನನ್ನ ಕೈಯಲ್ಲಿ ಬರೆಸ್ತೀರಿ?" ಉತ್ತರ ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ. ಇನ್ನೊಬ್ಬರ ಹೆಸರು ಕಾಯೋ ಕೆಲಸ ಇದು, ಸರಿಯಾಗಿ ಕಲಿತೇ ಕೈ ಹಾಕೋಣ.

ಮುಂದಿನ ವಾರ ಎಕ್ಸಾಮಿನೇಷನ್ ರಿಪೋರ್ಟ್ ಒಂದನ್ನ ಸ್ಕ್ರೀನ್ ಮೇಲೆ ತೆರೆದು, ಅದಕ್ಕೆ ಉತ್ತರ ಬರೆಯೋದು ಹೇಗೆ ಅಂತ ಸಾಲು ಸಾಲಾಗಿ ನೋಡೋಣ. ಪ್ರಶ್ನೆ ಇದ್ರೆ ಕೆಳಗೆ ಬರೀರಿ.